ಮಾಡ್ ಬಿಡಿಸಿದಾಗ ಉತ್ತರ ಕೂಡುತ್ತಿಲ್ಲವೇ? ತಪ್ಪು ಹುಡುಕುವ ದಾರಿ

ಹೋದ ತಿಂಗಳು ಒಬ್ಬ ಹುಡುಗಿ ನೋಟ್‌ಬುಕ್ ತೆರೆದು ನನ್ನ ಮುಂದೆ ಇಟ್ಟಳು. ಫಸ್ಟ್ ಪಿಯುಸಿ. ಕಲಬುರಗಿಯಲ್ಲಿ ನಮ್ಮ ಮನೆಯ ಪಡಸಾಲೆಯಲ್ಲೇ ಸಂಜೆ ಹೊತ್ತು ಏಳೆಂಟು ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ. "ಸರ್, ಎಲ್ಲಾ ಬರೋಬರಿ ಮಾಡೀನ್ರಿ, ಉತ್ತರ ಯಾಕ ಕೂಡವಲ್ದು?" ಅಂದಳು. ಮಾಡ್ ಅಂದರೆ ಮಾಡ್ಯುಲಸ್, ಎರಡು ನಿಂತ ಗೆರೆಗಳ ನಡುವೆ ಬರೆಯುವುದು, ಅದರ ಬೆಲೆ ಎಂದೂ ಋಣ ಆಗದು. ಗೆರೆ ತೆಗೆದು ಅದನ್ನು ತುಂಡು ತುಂಡಾಗಿ ಬರೆಯುವುದೇ ಬಿಡಿಸುವುದು. ಪುಟದ ಮೇಲೆ ಹೀಗಿತ್ತು:

|ಎಕ್ಸ್ − 3| =
ಎಕ್ಸ್ − 3, ಎಕ್ಸ್ ≥ 0 ಆದಾಗ
−ಎಕ್ಸ್ − 3, ಎಕ್ಸ್ < 0 ಆದಾಗ

ಎರಡೇ ಸಾಲು, ಎರಡು ತಪ್ಪು. ಅಕ್ಷರ ದುಂಡಗೆ, ಗೆರೆ ನೇರ, ಎಲ್ಲೂ ಹೊಡೆದು ಹಾಕಿಲ್ಲ. ಅಷ್ಟು ನೀಟಾಗಿ ಬರೆದ ತಪ್ಪನ್ನು ಕಣ್ಣಿನಿಂದ ಹಿಡಿಯುವುದು ಕಷ್ಟ. "ಎಕ್ಸ್ ಜಾಗದಾಗ 1 ಹಾಕಿ ನೋಡವ್ವ" ಅಂದೆ. ಅವಳ ಮೊದಲ ಸಾಲಿಗೆ 1 ಹೋಗುತ್ತದೆ, ಯಾಕಂದರೆ 1 ಸೊನ್ನೆಗಿಂತ ದೊಡ್ಡದು. 1 − 3 ಅಂದರೆ −2. ಮಾಡ್ ಬಿಡಿಸಿದ ಮೇಲೆ −2 ಬಂತು! ಅವಳು ಪೆನ್ನು ಕೆಳಗಿಟ್ಟಳು.

ಇಂಥ ನೋಟ್‌ಬುಕ್ ನಾನು ವರ್ಷವರ್ಷವೂ ನೋಡುತ್ತೇನೆ. ತಪ್ಪುಗಳು ನೂರಾರು ಬಗೆ ಇಲ್ಲ. ಐದಾರೇ ಇವೆ, ಅವೇ ಮತ್ತೆ ಮತ್ತೆ ಬರುತ್ತವೆ. ನಿಮ್ಮ ಉತ್ತರದಲ್ಲಿ ಏನು ಕಾಣಿಸುತ್ತಿದೆ ಅನ್ನುವುದರಿಂದ ಶುರು ಮಾಡಿದರೆ ತಪ್ಪು ಎಲ್ಲಿದೆ ಅಂತ ಬೇಗ ಸಿಗುತ್ತದೆ. ಅದನ್ನೇ ಇಲ್ಲಿ ಬರೆದಿದ್ದೇನೆ.

ಮೊದಲು, ಮೈನಸ್ ಕಂಡರೆ ಹೆದರುವ ರೋಗ

ಎಲ್ಲ ತಪ್ಪುಗಳ ಕೆಳಗೆ ಇದೊಂದು ಇರುತ್ತದೆ. "ಮಾಡ್ ಅಂದ್ರೆ ಯಾವಾಗಲೂ ಪ್ಲಸ್" ಅಂತ ಹೈಸ್ಕೂಲಿನಲ್ಲಿ ಕಲಿತಿರುತ್ತೇವೆ. ಪಿಯುಸಿಗೆ ಬಂದ ಮೇಲೆ ಪುಸ್ತಕದಲ್ಲಿ "ಎಕ್ಸ್ < 0 ಆದಾಗ |ಎಕ್ಸ್| = −ಎಕ್ಸ್" ಅಂತ ಕಾಣುತ್ತದೆ. ಪ್ಲಸ್ ಅಂದವರೇ ಮೈನಸ್ ಬರೆದರಲ್ಲ ಅಂತ ಗೊಂದಲ. ಅಲ್ಲಿಂದ ಮುಂದೆ ನಂಬಿಕೆ ಇಲ್ಲದೆ, ಸುಮ್ನೆ ಬಾಯಿಪಾಠ ಮಾಡಿ ಬರೆಯುತ್ತಾರೆ.

ಮಾಡ್ ಅಂದರೆ ದೂರ. ಅಷ್ಟೇ. ಕಲಬುರಗಿಯಿಂದ ಬೀದರಿಗೆ ಹೋಗುವ ಬಸ್ಸು ಹತ್ತಿದ್ದೀರಿ ಅಂತ ಇಟ್ಟುಕೊಳ್ಳಿ. ದಾರಿಯಲ್ಲಿ ಕಮಲಾಪುರ ಬರುತ್ತದೆ, ಕೆಂಪು ಬಾಳೆಹಣ್ಣಿನ ಊರು. ಲೆಕ್ಕ ಸುಲಭವಾಗಲಿ ಅಂತ ಅದು 40ನೇ ಕಿಲೋಮೀಟರಿನಲ್ಲಿದೆ ಅಂದುಕೊಳ್ಳೋಣ. ಕಲಬುರಗಿಯಿಂದ ನೀವು ಎಕ್ಸ್ ಕಿಲೋಮೀಟರ್ ಬಂದಿದ್ದೀರಿ. ಈಗ ಕಮಲಾಪುರ ನಿಮ್ಮಿಂದ ಎಷ್ಟು ದೂರ?

30ನೇ ಕಿಲೋಮೀಟರಿನಲ್ಲಿ ಇದ್ದರೆ 40ರಲ್ಲಿ 30 ಕಳೆಯುತ್ತೀರಿ, 10 ಕಿಲೋಮೀಟರ್. ಊರು ದಾಟಿ 55ಕ್ಕೆ ಬಂದಿದ್ದರೆ 55ರಲ್ಲಿ 40 ಕಳೆಯುತ್ತೀರಿ, 15 ಕಿಲೋಮೀಟರ್. ಊರು ಬರುವ ಮುಂಚೆ ಒಂದು ಲೆಕ್ಕ, ದಾಟಿದ ಮೇಲೆ ಇನ್ನೊಂದು. ಇದನ್ನು ಬಸ್ಸಿನಲ್ಲಿ ಕೂತ ಅಜ್ಜಿಯೂ ಮನಸ್ಸಿನಲ್ಲೇ ಮಾಡುತ್ತಾಳೆ. ಬರೆದರೆ ಹೀಗೆ:

|ಎಕ್ಸ್ − 40| =
40 − ಎಕ್ಸ್, ಎಕ್ಸ್ < 40 ಆದಾಗ
ಎಕ್ಸ್ − 40, ಎಕ್ಸ್ ≥ 40 ಆದಾಗ

ಮೊದಲ ಸಾಲಿನ 40 − ಎಕ್ಸ್ ಅನ್ನುವುದು −(ಎಕ್ಸ್ − 40) ಅಲ್ವಾ? ಅಲ್ಲಿ ಮೈನಸ್ ಇದೆ, ಆದರೆ ಬೆಲೆ ಮೈನಸ್ ಅಲ್ಲ. ಎಕ್ಸ್ − 40 ಅನ್ನುವುದೇ ಅಲ್ಲಿ ಋಣ ಸಂಖ್ಯೆ. ಅದರ ಮುಂದೆ ಇನ್ನೊಂದು ಮೈನಸ್ ಹಾಕಿ ಅದನ್ನು ಧನ ಮಾಡಿದ್ದೇವೆ. ಈ ಒಂದು ಮಾತು ಗಟ್ಟಿಯಾಗಿ ಕೂತರೆ ಉಳಿದದ್ದು ಅರ್ಧ ಆದ ಹಾಗೆ. ಕೂರುವ ತನಕ ಮುಂದೆ ಓದಬೇಡಿ, ಇನ್ನೊಂದು ಸಲ ಬಸ್ಸು ಹತ್ತಿ.

ಎರಡು ಪರೀಕ್ಷೆ, ಎರಡೂ ಬೇಕು

ಉತ್ತರ ಬರೆದ ಮೇಲೆ ಪುಸ್ತಕದ ಹಿಂದಿನ ಪುಟಕ್ಕೆ ಓಡುವ ಬದಲು ಈ ಎರಡು ಕೆಲಸ ಮಾಡಿ.

ಒಂದು, ಕೂಡುವ ಪರೀಕ್ಷೆ. ಫಂಕ್ಷನ್ ಎಲ್ಲಿ ಒಡೆಯುತ್ತದೋ, ಅಂದರೆ ಒಂದು ಸಾಲು ಮುಗಿದು ಇನ್ನೊಂದು ಎಲ್ಲಿ ಶುರುವಾಗುತ್ತದೋ, ಆ ಸಂಖ್ಯೆಯನ್ನು ಎರಡೂ ತುಂಡಿಗೆ ಹಾಕಿ. ಎರಡೂ ಕಡೆ ಒಂದೇ ಬೆಲೆ ಬರಬೇಕು. ಮೇಲಿನದರಲ್ಲಿ 40 ಹಾಕಿದರೆ ಎರಡೂ ಸೊನ್ನೆ. ಸರಿ, ಬಸ್ಸು ಊರಿನಲ್ಲೇ ಇದೆ, ದೂರ ಸೊನ್ನೆ.

ಎರಡು, ಒಂದೊಂದು ತುಂಡಿನ ಒಳಗಿನ ಒಂದು ಸಂಖ್ಯೆ ತೆಗೆದುಕೊಂಡು, ಮೂಲ ಮಾಡ್‌ನಲ್ಲೂ ಹಾಕಿ, ನಿಮ್ಮ ತುಂಡಿನಲ್ಲೂ ಹಾಕಿ. ಎರಡೂ ಒಂದೇ ಆಗಬೇಕು.

ಹೆಚ್ಚಿನ ಮಕ್ಕಳು ಮೊದಲನೆಯದು ಮಾಡಿ ನಿಲ್ಲಿಸುತ್ತಾರೆ. ಅದು ಸಾಲದು. ಮೇಲಿನ ಎರಡು ಸಾಲುಗಳನ್ನು ಅದಲುಬದಲು ಮಾಡಿ ನೋಡಿ: 40ಕ್ಕಿಂತ ಚಿಕ್ಕದಾದಾಗ ಎಕ್ಸ್ − 40, ದೊಡ್ಡದಾದಾಗ 40 − ಎಕ್ಸ್. ಪೂರ್ತಿ ತಪ್ಪು. ಆದರೂ 40 ಹಾಕಿದರೆ ಎರಡೂ ಸೊನ್ನೆಯೇ! ಕೂಡುವ ಪರೀಕ್ಷೆ ಪಾಸ್. ಎರಡನೇ ಪರೀಕ್ಷೆ ಮಾತ್ರ ಈ ಕಳ್ಳನನ್ನು ಹಿಡಿಯುತ್ತದೆ. ಅದಕ್ಕೇ ಎರಡೂ ಬೇಕು ಅನ್ನುವುದು. ಯಾವ ಪರೀಕ್ಷೆ ಫೇಲ್ ಆಯಿತು ಅನ್ನುವುದರ ಮೇಲೆ ತಪ್ಪು ಎಲ್ಲಿದೆ ಅಂತಲೂ ಗೊತ್ತಾಗುತ್ತದೆ.

ಕೂಡುವ ಪರೀಕ್ಷೆಯೇ ಫೇಲ್ ಆದರೆ

ಇಲ್ಲಿ ಮೂರು ಕಾರಣ ಇರಬಹುದು.

ಮೊದಲನೆಯದು ಬ್ರ್ಯಾಕೆಟ್ ಮರೆತದ್ದು. |2ಎಕ್ಸ್ − 5| ಬಿಡಿಸುವಾಗ ಎಡ ತುಂಡಿಗೆ −2ಎಕ್ಸ್ − 5 ಅಂತ ಬರೆದಿರುತ್ತಾರೆ. ಒಡೆಯುವ ಜಾಗ 2.5. ಬಲ ತುಂಡು 5 − 5 ಅಂದರೆ 0 ಕೊಡುತ್ತದೆ, ಎಡ ತುಂಡು −5 − 5 ಅಂದರೆ −10. ನಡುವೆ 10ರ ಕಂದಕ. ಮೈನಸ್ ಒಳಗಿನ ಎಲ್ಲದಕ್ಕೂ ತಗಲಬೇಕು: −(2ಎಕ್ಸ್ − 5) = −2ಎಕ್ಸ್ + 5. ಮೊದಲು ಬ್ರ್ಯಾಕೆಟ್ ಹಾಕಿಯೇ ಬರೆಯಿರಿ, ಬಿಡಿಸುವುದು ಮುಂದಿನ ಸಾಲಿನಲ್ಲಿ. ಒಂದು ಸಾಲು ಉಳಿಸಲು ಹೋಗಿ ಎರಡು ಅಂಕ ಕಳೆದುಕೊಳ್ಳುವ ಮಕ್ಕಳನ್ನು ಕಂಡು ನನಗೆ ನಿಜಕ್ಕೂ ಹೊಟ್ಟೆ ಉರಿಯುತ್ತದೆ.

ಎರಡನೆಯದು ಒಡೆಯುವ ಜಾಗವೇ ತಪ್ಪಿದ್ದು. ಆ ಹುಡುಗಿಯ ಪುಟದಲ್ಲಿ ಇದ್ದದ್ದು ಬ್ರ್ಯಾಕೆಟ್ಟಿನ ತಪ್ಪಿನ ಜೊತೆಗೆ ಇದೇ. |ಎಕ್ಸ್| ಸೊನ್ನೆಯಲ್ಲಿ ಒಡೆಯುತ್ತದೆ ಅಂತ ಪಾಠದಲ್ಲಿ ನೋಡಿ, |ಎಕ್ಸ್ − 3| ಕೂಡ ಸೊನ್ನೆಯಲ್ಲೇ ಒಡೆದಿದ್ದಳು. ಸೊನ್ನೆ ಆಗಬೇಕಾದದ್ದು ಎಕ್ಸ್ ಅಲ್ಲ, ಎರಡು ಗೆರೆಗಳ ನಡುವೆ ಇರುವ ಇಡೀ ಸಾಮಾನು. ಎಕ್ಸ್ − 3 = 0 ಅಂದರೆ ಎಕ್ಸ್ = 3. ಅಲ್ಲಿ ಒಡೆಯಬೇಕು. |ಎಕ್ಸ್ + 7| ಆದರೆ −7ರಲ್ಲಿ. ಇಲ್ಲಿ 7 ಅಂತ ಬರೆಯುವವರೂ ಜಾಸ್ತಿ, ಚಿಹ್ನೆ ನೋಡಿಕೊಳ್ಳಿ.

ಒಂದು ಎಚ್ಚರಿಕೆ. ಒಡೆಯುವ ಜಾಗ ತಪ್ಪಿದ್ದರೆ ನೀವು ತಪ್ಪು ಸಂಖ್ಯೆಯನ್ನೇ ಹಾಕಿ ಪರೀಕ್ಷೆ ಮಾಡುತ್ತೀರಿ. ಬ್ರ್ಯಾಕೆಟ್ ಸರಿ ಇದ್ದರೆ ಆಗಲೂ ಎರಡು ತುಂಡು ಕೂಡುವುದಿಲ್ಲ: ಎಕ್ಸ್ − 3 ಮತ್ತು 3 − ಎಕ್ಸ್ ಎರಡಕ್ಕೂ 0 ಹಾಕಿದರೆ −3 ಮತ್ತು 3. ಮಾಡ್‌ನ ಹೊರಗೆ ಏನೂ ಇಲ್ಲದ ಲೆಕ್ಕದಲ್ಲಿ ಹೀಗೆ ಒಂದೇ ಅಂಕಿ ಎದುರುಬದುರು ಚಿಹ್ನೆಯಲ್ಲಿ ಬಂದರೆ ಒಡೆಯುವ ಜಾಗದ ಮೇಲೇ ಅನುಮಾನ ಪಡಿ. ಬ್ರ್ಯಾಕೆಟ್ ತಪ್ಪಿದ್ದರೆ ಹೀಗೆ ಬರುವುದಿಲ್ಲ, ಮೇಲಿನ ಹಾಗೆ 0 ಒಂದು ಕಡೆ, −10 ಇನ್ನೊಂದು ಕಡೆ ಬರುತ್ತದೆ. ಆ ಹುಡುಗಿಯ ಹಾಗೆ ಎರಡೂ ತಪ್ಪು ಒಟ್ಟಿಗೆ ಇದ್ದರೆ 0ಯಲ್ಲಿ ಎರಡೂ ಕಡೆ −3 ಬಂದು ಕೂಡಿಬಿಡುತ್ತದೆ, ಅದನ್ನು ಹಿಡಿಯುವುದು ಎರಡನೇ ಪರೀಕ್ಷೆ.

ಮೂರನೆಯ ಕಾರಣ, ಮಾಡ್‌ನ ಹೊರಗೆ ಇರುವುದಕ್ಕೂ ಮೈನಸ್ ತಗಲಿಸಿದ್ದು. ಇದನ್ನು ಹೇಳಲು ನಾನು ದಾಲ್ ಮಿಲ್ಲಿನ ಲೆಕ್ಕ ಕೊಡುತ್ತೇನೆ, ನಮ್ಮ ಕಡೆ ಮಕ್ಕಳಿಗೆ ತೊಗರಿ ಚೀಲ ಗೊತ್ತಿರುವಷ್ಟು ಬೇರೇನೂ ಗೊತ್ತಿರುವುದಿಲ್ಲ. 50 ಕಿಲೋದ ಚೀಲ ತುಂಬುವ ಒಂದು ಕಾಲ್ಪನಿಕ ಕರಾರು. ತೂಕ ಸರಿಯಾಗಿ ಬಂದರೆ 300 ರೂಪಾಯಿ. ಹೆಚ್ಚಾದ ಒಂದೊಂದು ಕಿಲೋಗೂ 20 ರೂಪಾಯಿ ಕಡಿತ, ಕಡಿಮೆಯಾದ ಒಂದೊಂದು ಕಿಲೋಗೂ 20 ರೂಪಾಯಿ ಕಡಿತ. ಚೀಲ ಎಕ್ಸ್ ಕಿಲೋ ತೂಗಿದರೆ ಕೈಗೆ ಬರುವುದು 300 − 20|ಎಕ್ಸ್ − 50|.

ಎಕ್ಸ್ 50 ಅಥವಾ ಹೆಚ್ಚು ಇದ್ದಾಗ 300 − 20(ಎಕ್ಸ್ − 50), ಅಂದರೆ 1300 − 20ಎಕ್ಸ್. ಕಡಿಮೆ ಇದ್ದಾಗ ಮಾಡ್ ಜಾಗದಲ್ಲಿ ಮಾತ್ರ 50 − ಎಕ್ಸ್ ಇಡಬೇಕು: 300 − 20(50 − ಎಕ್ಸ್), ಅಂದರೆ 20ಎಕ್ಸ್ − 700. 50 ಹಾಕಿ ನೋಡಿ, ಎರಡೂ ಕಡೆ 300. ಬರೋಬರಿ ಚೀಲಕ್ಕೆ ಪೂರ್ತಿ ಕೂಲಿ.

ಆದರೆ ಮಕ್ಕಳು ಏನು ಮಾಡುತ್ತಾರೆ? "ಎಡಕ್ಕೆ ಮೈನಸ್" ಅಂತ ಇಡೀ ಸಾಲಿಗೇ ಮೈನಸ್ ಹಾಕಿ −300 + 20(ಎಕ್ಸ್ − 50) ಅಂತ ಬರೆಯುತ್ತಾರೆ. 50 ಹಾಕಿದರೆ −300. ತೂಕ ಸರಿಯಾಗಿ ತುಂಬಿದವನೇ 300 ರೂಪಾಯಿ ದಂಡ ಕಟ್ಟಬೇಕು! ಅನ್ಯಾಯ ಅಂತ ತಕ್ಷಣ ಗೊತ್ತಾಗುತ್ತದೆ. ಮೈನಸ್‌ನ ಅಧಿಕಾರ ಎರಡು ನಿಂತ ಗೆರೆಗಳ ಒಳಗೆ ಮಾತ್ರ.

ಇನ್ನೊಂದು ಮಾತು. ಈ ಫಂಕ್ಷನ್‌ನ ಬೆಲೆ ಋಣ ಆಗಬಹುದು. 30 ಕಿಲೋ ಚೀಲಕ್ಕೆ 600 − 700 = −100. ಇದು ತಪ್ಪಲ್ಲ. ಋಣ ಆಗಬಾರದ್ದು ಮಾಡ್ ಒಂದೇ, ಅದರ ಸುತ್ತ ಕಟ್ಟಿದ ಇಡೀ ಲೆಕ್ಕ ಅಲ್ಲ. ಸರಿಯಾದ ಉತ್ತರವನ್ನು "ಮೈನಸ್ ಬಂತು" ಅಂತ ಹೊಡೆದು ಹಾಕಿದ ಮಕ್ಕಳೂ ಇದ್ದಾರೆ.

ಕೂಡುತ್ತದೆ, ಆದರೆ ಬೆಲೆ ತಪ್ಪು

ಈಗ ಮೊದಲ ಪರೀಕ್ಷೆ ಪಾಸ್, ಎರಡನೆಯದು ಫೇಲ್. ನನ್ನ ಅನುಭವದಲ್ಲಿ ಹತ್ತಕ್ಕೆ ಒಂಬತ್ತು ಸಲ ಎಕ್ಸ್ ಮುಂದೆ ಮೈನಸ್ ಇರುವ ಲೆಕ್ಕಗಳೇ ಹೀಗೆ ಕೈ ಕೊಡುವುದು. |6 − 2ಎಕ್ಸ್| ತೆಗೆದುಕೊಳ್ಳಿ. 3ರಲ್ಲಿ ಒಡೆಯುತ್ತದೆ, ಇದನ್ನು ಎಲ್ಲರೂ ಸರಿಯಾಗಿ ಹೇಳುತ್ತಾರೆ. ಆಮೇಲೆ ಅಭ್ಯಾಸಬಲದಿಂದ "ಬಲಕ್ಕೆ ಇದ್ದ ಹಾಗೇ, ಎಡಕ್ಕೆ ಮೈನಸ್" ಅಂತ ಬರೆದು ಬಿಡುತ್ತಾರೆ: ಎಕ್ಸ್ ≥ 3 ಆದಾಗ 6 − 2ಎಕ್ಸ್.

10 ಹಾಕಿ. 6 − 20 = −14. ಮಾಡ್ −14 ಆಗಲು ಸಾಧ್ಯವೇ ಇಲ್ಲ.

"ಇದ್ದ ಹಾಗೇ" ಬರೆಯಬೇಕಾದದ್ದು ಒಳಗಿನದು ಸೊನ್ನೆ ಅಥವಾ ಧನ ಇದ್ದಾಗ. ಹಾಗಾದರೆ 6 − 2ಎಕ್ಸ್ ≥ 0 ಯಾವಾಗ ಅಂತ ಬಿಡಿಸಬೇಕು. −2ಎಕ್ಸ್ ≥ −6. ಈಗ −2ರಿಂದ ಭಾಗಿಸಿದರೆ ಚಿಹ್ನೆಯ ಬಾಯಿ ತಿರುಗುತ್ತದೆ: ಎಕ್ಸ್ ≤ 3. ಅಸಮಾನತೆಯ ಪಾಠದಲ್ಲಿ ಇದನ್ನೇ ಕಲಿತಿರುತ್ತೇವೆ, ಇಲ್ಲಿಗೆ ಬಂದಾಗ ಮರೆಯುತ್ತೇವೆ. ಸರಿಯಾದ ಉತ್ತರ:

|6 − 2ಎಕ್ಸ್| =
6 − 2ಎಕ್ಸ್, ಎಕ್ಸ್ ≤ 3 ಆದಾಗ
2ಎಕ್ಸ್ − 6, ಎಕ್ಸ್ > 3 ಆದಾಗ

ಬಾಯಿ ತಿರುಗಿಸುವುದು ತಲೆನೋವು ಅನಿಸಿದರೆ ಒಂದು ಅಡ್ಡದಾರಿ ಇದೆ, ಅದು ಮೋಸದ ದಾರಿಯಲ್ಲ. |6 − 2ಎಕ್ಸ್| ಮತ್ತು |2ಎಕ್ಸ್ − 6| ಎರಡೂ ಒಂದೇ. ಕಲಬುರಗಿಯಿಂದ ಕಮಲಾಪುರ ಎಷ್ಟು ದೂರವೋ ಕಮಲಾಪುರದಿಂದ ಕಲಬುರಗಿಯೂ ಅಷ್ಟೇ. ಮೊದಲೇ ತಿರುಗಿಸಿ ಬರೆದುಕೊಂಡರೆ ಎಕ್ಸ್ ಮುಂದಿನ ಮೈನಸ್ ಹೋಗುತ್ತದೆ.

ಸಮ ಚಿಹ್ನೆಯ ಜಗಳ

"ಸರ್, ≥ ಮೇಲಿನ ಸಾಲಿಗೋ ಕೆಳಗಿನ ಸಾಲಿಗೋ?" ಯಾವುದಕ್ಕಾದರೂ ಹಾಕಿ. ಮಾಡ್‌ನ ಎರಡು ತುಂಡು ಆ ಬಿಂದುವಿನಲ್ಲಿ ಕೂಡುವುದರಿಂದ ಬೆಲೆ ಬದಲಾಗುವುದಿಲ್ಲ. ಆದರೆ ಎರಡು ಕಡೆಯೂ ಬಿಡಬೇಡಿ. ಎಕ್ಸ್ > 3 ಮತ್ತು ಎಕ್ಸ್ < 3 ಅಂತ ಮಾತ್ರ ಬರೆದರೆ 3 ಅನಾಥ ಆಗುತ್ತದೆ, ಅಲ್ಲಿ ಫಂಕ್ಷನ್‌ಗೆ ಬೆಲೆಯೇ ಇಲ್ಲ ಅಂದ ಹಾಗಾಗುತ್ತದೆ. |ಎಕ್ಸ್| ÷ ಎಕ್ಸ್ ಥರದ್ದು ಮಾತ್ರ ಇದಕ್ಕೆ ಹೊರತು. ಬಲಕ್ಕೆ 1, ಎಡಕ್ಕೆ −1, ಸೊನ್ನೆಯಿಂದ ಭಾಗಿಸಲು ಆಗದ್ದರಿಂದ 0ಯಲ್ಲಿ ನಿಜವಾಗಿಯೂ ಏನೂ ಇಲ್ಲ. ಅಲ್ಲಿ ಕೂಡುವ ಪರೀಕ್ಷೆ ಕೂಡ ನಡೆಯುವುದಿಲ್ಲ.

ಎರಡು ಮಾಡ್ ಇದ್ದು ತುಂಡುಗಳ ಲೆಕ್ಕ ತಪ್ಪಿದರೆ

ಮತ್ತೆ ಬಸ್ಸಿಗೆ ಬನ್ನಿ. ಅದೇ ರಸ್ತೆಯಲ್ಲಿ ಕಮಲಾಪುರ ದಾಟಿದ ಮೇಲೆ ಹುಮನಾಬಾದ್ ಬರುತ್ತದೆ. ಲೆಕ್ಕಕ್ಕೆ ಅದನ್ನು 60ಕ್ಕೆ ಇಡೋಣ. ಎರಡೂ ಊರುಗಳಿಂದ ನಿಮ್ಮ ದೂರ ಕೂಡಿಸಿದರೆ |ಎಕ್ಸ್ − 40| + |ಎಕ್ಸ್ − 60|.

ಒಂದೊಂದು ಮಾಡ್‌ಗೂ ಪ್ಲಸ್, ಮೈನಸ್ ಎರಡೆರಡು ದಾರಿ, ಹಾಗಾಗಿ ನಾಲ್ಕು ತುಂಡು ಅಂತ ಕೆಲವರು ಬರೆಯುತ್ತಾರೆ. ನಾಲ್ಕನೆಯದು ಏನು ಹೇಳುತ್ತದೆ ನೋಡಿ: ಎಕ್ಸ್ 40ಕ್ಕಿಂತ ಕಡಿಮೆ, ಹಾಗೇ 60ಕ್ಕಿಂತ ಜಾಸ್ತಿ. ಬಸ್ಸು ಕಮಲಾಪುರ ಮುಟ್ಟಿಲ್ಲ, ಹುಮನಾಬಾದ್ ದಾಟಿದೆ! ಅಂಥ ಜಾಗ ಇಲ್ಲ. ಎರಡು ಊರು ರಸ್ತೆಯನ್ನು ಮೂರು ಭಾಗ ಮಾಡುತ್ತವೆ, ಅಷ್ಟೇ. ಮೊದಲು ಸಂಖ್ಯಾರೇಖೆ ಎಳೆದು ಎರಡು ಊರನ್ನೂ ಗುರುತು ಮಾಡಿ, ಆಮೇಲೆ ತುಂಡು ಬರೆಯಿರಿ.

ಎಕ್ಸ್ < 40: (40 − ಎಕ್ಸ್) + (60 − ಎಕ್ಸ್) = 100 − 2ಎಕ್ಸ್
40 ≤ ಎಕ್ಸ್ < 60: (ಎಕ್ಸ್ − 40) + (60 − ಎಕ್ಸ್) = 20
ಎಕ್ಸ್ ≥ 60: (ಎಕ್ಸ್ − 40) + (ಎಕ್ಸ್ − 60) = 2ಎಕ್ಸ್ − 100

ನಡುವಿನ ತುಂಡಿನಲ್ಲಿ ಎಕ್ಸ್ ಮಾಯ ಆಗಿದ್ದಕ್ಕೆ ಗಾಬರಿ ಆಗುವವರು ತುಂಬಾ. "ಏನೋ ತಪ್ಪಾಗೇದ" ಅಂತ ಮತ್ತೆ ಮೊದಲಿಂದ ಮಾಡುತ್ತಾರೆ. ತಪ್ಪಾಗಿಲ್ಲ. ಎರಡು ಊರುಗಳ ನಡುವೆ ಎಲ್ಲೇ ನಿಂತರೂ ಒಂದಕ್ಕೆ ಹತ್ತಿರ ಆದಷ್ಟೇ ಇನ್ನೊಂದಕ್ಕೆ ದೂರ. ಮೊತ್ತ ಯಾವಾಗಲೂ ಎರಡು ಊರುಗಳ ನಡುವಿನ ದೂರವೇ. ಕಿಲೋಮೀಟರ್ ಕಲ್ಲು ನೋಡುತ್ತಾ ಹೋದರೆ ಕಣ್ಣಿಗೇ ಕಾಣುತ್ತದೆ. ನನಗೆ ಈ ಅಧ್ಯಾಯದಲ್ಲಿ ಇದಕ್ಕಿಂತ ಚೆಂದದ ಲೆಕ್ಕ ಇನ್ನೊಂದಿಲ್ಲ. ಕೂಡುವ ಪರೀಕ್ಷೆ ಇಲ್ಲಿ ಎರಡು ಕಡೆ ಮಾಡಬೇಕು: 40ರಲ್ಲಿ 20 ಮತ್ತು 20, 60ರಲ್ಲಿ 20 ಮತ್ತು 20.

ಒಳಗೆ ವರ್ಗ ಇದ್ದರೆ

|ಎಕ್ಸ್² − 4| ಅನ್ನು 2ರಲ್ಲಿ ಮಾತ್ರ ಒಡೆದರೆ −5 ಹಾಕಿದಾಗ ಸಿಕ್ಕಿ ಬೀಳುತ್ತೀರಿ: 4 − 25 = −21. ಒಳಗಿನದು −2ರಲ್ಲೂ ಸೊನ್ನೆ ಆಗುತ್ತದೆ. −2 ಮತ್ತು 2ರ ನಡುವೆ ಮಾತ್ರ 4 − ಎಕ್ಸ್², ಎರಡೂ ಹೊರಗಡೆ ಎಕ್ಸ್² − 4. ಇದಕ್ಕೆ ಎದುರು, |ಎಕ್ಸ್² + 1| ಎಲ್ಲೂ ಒಡೆಯುವುದೇ ಇಲ್ಲ. ಒಳಗಿನದು ಎಂದೂ ಸೊನ್ನೆ ಆಗುವುದಿಲ್ಲ, ಯಾವಾಗಲೂ ಧನ, ಗೆರೆ ಅಳಿಸಿ ಬಿಡಿ. ಮತ್ತೆ, (ಎಕ್ಸ್ − 3)²ರ ವರ್ಗಮೂಲ ಕಂಡರೆ ಎಕ್ಸ್ − 3 ಅಂತ ಬರೆಯಬೇಡಿ. ಅದು |ಎಕ್ಸ್ − 3|, ವೇಷ ಹಾಕಿಕೊಂಡು ಬಂದಿದೆ.

ತಪ್ಪು ಇಲ್ಲಿ, ಏಟು ಬೀಳುವುದು ಸೆಕೆಂಡ್ ಪಿಯುಸಿಯಲ್ಲಿ

ಈ ಕೆಲಸವನ್ನು ಹಗುರ ಮಾಡಬೇಡಿ ಅಂತ ನಾನು ಹಟ ಹಿಡಿಯುವುದಕ್ಕೆ ಕಾರಣ ಇದೆ. ಮುಂದಿನ ವರ್ಷ ಅನುಕಲನ (ಇಂಟಿಗ್ರೇಷನ್, ಇಲ್ಲಿ ಗ್ರಾಫಿನ ಕೆಳಗಿನ ವಿಸ್ತೀರ್ಣ ಹುಡುಕುವುದು) ಬರುತ್ತದೆ. 2ರಿಂದ 8ರವರೆಗೆ |ಎಕ್ಸ್ − 5| ಅನುಕಲಿಸಿ ಅಂತ ಕೇಳುತ್ತಾರೆ. ಮಾಡ್ ಬಿಡಿಸದೆ ಗೆರೆ ತೆಗೆದು ಸೀದಾ ಅನುಕಲಿಸಿದರೆ ಎಕ್ಸ್²/2 − 5ಎಕ್ಸ್ ಬರುತ್ತದೆ. 8ರಲ್ಲಿ −8, 2ರಲ್ಲಿಯೂ −8. ಉತ್ತರ 0. ಅಷ್ಟು ಉದ್ದದ ಗ್ರಾಫಿನ ಕೆಳಗೆ ವಿಸ್ತೀರ್ಣವೇ ಇಲ್ಲವಂತೆ! 5ರಲ್ಲಿ ಒಡೆದು ನೋಡಿ. 2ರಿಂದ 5, 5ರಿಂದ 8, ಎರಡು ತ್ರಿಕೋನ. ಪಾದ 3, ಎತ್ತರ 3, ಒಂದೊಂದು 4.5. ಒಟ್ಟು 9. ಪೆನ್ನು ಕೂಡ ಬೇಕಿಲ್ಲ.

ಅವಕಲನದಲ್ಲೂ (ಡಿಫರೆನ್ಸಿಯೇಷನ್, ಗ್ರಾಫಿನ ಇಳಿಜಾರು ಹುಡುಕುವುದು) ಇದೇ ಬಿಂದು ಎದುರಾಗುತ್ತದೆ. 5ರ ಎಡಕ್ಕೆ ಇಳಿಜಾರು −1, ಬಲಕ್ಕೆ 1. ಗ್ರಾಫ್ ಕಡಿದಿಲ್ಲ, ಆದರೆ ಮೂಲೆ ಇದೆ. ಅಲ್ಲಿ ಅವಕಲನ ಇಲ್ಲ. ಎರಡು ತುಂಡಾಗಿ ಬರೆದವರಿಗೆ ಇದು ಒಂದು ಸಾಲಿನ ಉತ್ತರ.

ಮಾಡ್ ಒಳಗೆ ಮಾಡ್

ಆ ಹುಡುಗಿ ಮೊನ್ನೆ ತಾನೇ ಒಂದು ಲೆಕ್ಕ ಹುಡುಕಿ ತಂದಳು: ||ಎಕ್ಸ್| − 3|. "ಇದಕ್ಕ ಎಲ್ಲಿ ಒಡೀಬೇಕ್ರಿ?" ಅಂತ ಕೇಳಲಿಲ್ಲ. ತಾನೇ ಸಂಖ್ಯಾರೇಖೆ ಎಳೆದಳು. ಒಳಗಿನ ಮಾಡ್ 0ಯಲ್ಲಿ ಒಡೆಯುತ್ತದೆ, ಹೊರಗಿನದು |ಎಕ್ಸ್| = 3 ಆದಾಗ, ಅಂದರೆ −3 ಮತ್ತು 3ರಲ್ಲಿ. ಮೂರು ಗುರುತು, ನಾಲ್ಕು ತುಂಡು:

ಎಕ್ಸ್ < −3: −ಎಕ್ಸ್ − 3
−3 ≤ ಎಕ್ಸ್ < 0: ಎಕ್ಸ್ + 3
0 ≤ ಎಕ್ಸ್ < 3: 3 − ಎಕ್ಸ್
ಎಕ್ಸ್ ≥ 3: ಎಕ್ಸ್ − 3

ಮೊದಲ ಸಾಲು ಬರೆದು ಒಂದು ಗಳಿಗೆ ನಿಂತಳು. −ಎಕ್ಸ್ − 3, ಹಿಂದಿನ ಸಲ ತಪ್ಪಾಗಿ ಬರೆದ ಅದೇ ಸಾಲು. ಈ ಸಲ −5 ಹಾಕಿ ನೋಡಿದಳು. 5 − 3, 2. ಮೂಲದಲ್ಲೂ 2. ಆಮೇಲೆ −3, 0, 3 ಮೂರೂ ಕಡೆ ಕೂಡುವ ಪರೀಕ್ಷೆ ಮಾಡಿ, 0, 3, 0 ಅಂತ ಪಕ್ಕದಲ್ಲಿ ಸಣ್ಣದಾಗಿ ಬರೆದುಕೊಂಡು ಗ್ರಾಫ್ ಹಾಳೆ ಕೇಳಿದಳು.